ಪದ್ಮಯ್ಯನ ಹೆರಿಗೆ ರಜೆ

ಮಡಂತ್ಯಾರಿನ ಬೀಡಿ ಬ್ರಾಂಚಿನ ಪುಸ್ತಕವನ್ನು ನಂಬುವುದಾದರೆ, ಸಾವಿರದ ಒಂಬೈನೂರ ಎಪ್ಪತ್ತೊಂಬತ್ತನೇ ಇಸವಿಯ ಜನವರಿಯಲ್ಲಿ ಪದ್ಮಯ್ಯನಿಗೆ ಏಳು ತಿಂಗಳು ತುಂಬಿತ್ತು. ಈ ಪದ್ಮಯ್ಯ ಮರದ ಮಿಲ್ಲಿನಲ್ಲಿ ದಿಮ್ಮಿ ಉರುಳಿಸುವವನು. ಆರಡಿ ಎತ್ತರ, ದಪ್ಪ ಮೀಸೆ, ಕೈಬೆರಳು ಒಂದೊಂದೂ ಬಾಳೆಕಾಯಿಯಷ್ಟು. ನಿಜಕ್ಕೂ ಬಸುರಿಯಾಗಿದ್ದವಳು ಅವನ ಹೆಂಡತಿ ಸುಂದರಿ. ಆದರೆ ಬ್ರಾಂಚಿನವರ ಲೆಕ್ಕದಲ್ಲಿ ಸುಂದರಿ ಎಂಬ ಹೆಂಗಸೇ ಇರಲಿಲ್ಲ, ಏನು ಮಾಡುವುದು?

ಆ ಕಾಲದಲ್ಲಿ ನಮ್ಮ ಕಡೆ ಮನೆಮನೆಯಲ್ಲೂ ಬೀಡಿ ಕಟ್ಟುತ್ತಿದ್ದರು. ಕಂಪೆನಿಯ ಗುತ್ತಿಗೆದಾರ ಪೇಟೆಯಲ್ಲಿ ಒಂದು ಕೋಣೆ ಹಿಡಿದು ಬ್ರಾಂಚು ಎಂದು ಬೋರ್ಡು ಹಾಕುತ್ತಿದ್ದ. ಹೆಂಗಸರು ಅಲ್ಲಿಂದ ಎಲೆ, ಹೊಗೆಸೊಪ್ಪಿನ ಹುಡಿ, ನೂಲು ತಂದು ಮನೆಯಲ್ಲಿ ಕೂತು ಕಟ್ಟಿ, ಮರುದಿನ ಮಧ್ಯಾಹ್ನ ಕೊಂಡುಹೋಗಿ ಕೊಡುತ್ತಿದ್ದರು. ಇದಕ್ಕೆ ಮನೆಗೊಂದು ಪುಸ್ತಕ. ಆ ಪುಸ್ತಕದ ಮೇಲೆ ಮನೆಯ ಗಂಡಸಿನ ಹೆಸರು. ಯಾಕೆ ಎಂದು ಯಾರೂ ಕೇಳಿರಲಿಲ್ಲ. ರೇಷನ್ ಕಾರ್ಡಿನಲ್ಲಿ ಗಂಡಸಿನ ಹೆಸರು, ಮದುವೆ ಕಾಗದದಲ್ಲಿ ಗಂಡಸಿನ ಹೆಸರು, ಇದರಲ್ಲೂ ಇರಲಿ ಎಂದು ಬಿಟ್ಟಿದ್ದರು. ಸುಂದರಿಯ ಅತ್ತೆ ಸೇಸಮ್ಮ ಇಪ್ಪತ್ತಾರು ವರ್ಷ ಕಟ್ಟಿದ್ದು ಗಂಡನ ಹೆಸರಿನಲ್ಲಿ. ಗಂಡ ತೀರಿಕೊಂಡ, ಸೇಸಮ್ಮನ ಕಣ್ಣೂ ಮಂದವಾಯಿತು, ಸೊಸೆ ಬಂದಳು. ಪುಸ್ತಕ ಮಗನ ಹೆಸರಿಗಾಯಿತು. ಆ ಮಗನೋ, ಬೀಡಿ ಸೇದುವುದು ಬಿಟ್ಟರೆ ಬೀಡಿಗೂ ತನಗೂ ಸಂಬಂಧವಿಲ್ಲ ಎಂದು ಮಿಲ್ಲಿನಲ್ಲಿ ಹೇಳಿಕೊಂಡು ತಿರುಗುವವನು.

ಸುಂದರಿಗೆ ಮೊದಲ ಮಗಳು ಹುಟ್ಟಿದಾಗ ಹದಿನಾರನೇ ದಿನವೇ ಅವಳು ತಡ್ಪೆ ಹಿಡಿದು ಕೂತಿದ್ದಳು. ತಡ್ಪೆ ಅಂದರೆ ಅಕ್ಕಿ ಕೇರುವ ಗೆರಸೆಯೇ. ಬೀಡಿ ಕಟ್ಟುವವರು ಅದನ್ನು ಮಡಿಲಲ್ಲಿಟ್ಟು ಅದರಲ್ಲೇ ಎಲೆ, ಹುಡಿ ಹರಡಿಕೊಳ್ಳುತ್ತಾರೆ. ಮಡಿಲು ತಡ್ಪೆಯ ಪಾಲಾದ ಮೇಲೆ ಮಗುವಿಗೆ ಜಾಗವೆಲ್ಲಿ? ಪಕ್ಕದ ಚಾಪೆಯಲ್ಲಿ ಮಲಗಿಸಿದರೆ ಹೊಗೆಸೊಪ್ಪಿನ ಘಾಟಿಗೆ ಅದು ಸೀನುತ್ತಿತ್ತು, ಇಷ್ಟೇ ಇಷ್ಟು ಮೂಗಿನಿಂದ ದಿನಕ್ಕೆ ಹತ್ತು ಸಲ. ಪ್ರತಿ ಸೀನಿಗೂ ಸುಂದರಿಯ ಕರುಳು ಚುರ್ರೆನ್ನುತ್ತಿತ್ತು. ಎರಡನೆಯದಕ್ಕೆ ಹೀಗಾಗಲು ಬಿಡುವುದಿಲ್ಲ ಎಂದು ಅವಳು ಆಗಲೇ ನಿರ್ಧಾರ ಮಾಡಿದ್ದಳು. ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ.

ಹೇಗೆ ಎಂದು ಹೇಳಿದವನು ಲೋಕನಾಥ. ಬಂಟ್ವಾಳದ ಬೀಡಿ ಕೆಲಸಗಾರರ ಸಂಘದವನು. ಹಳೇ ಸೈಕಲು, ಕಂಕುಳಲ್ಲಿ ಒಂದು ಫೈಲು. ಆ ಫೈಲಿನಲ್ಲಿ ದೆಹಲಿಯ ಸುಪ್ರೀಂ ಕೋರ್ಟಿನ ತೀರ್ಪಿನ ಟೈಪು ಮಾಡಿದ ಪ್ರತಿ ಇತ್ತು. ಅದನ್ನು ಅವನು ಮನೆಮನೆಯ ಜಗಲಿಯಲ್ಲಿ ಬಿಚ್ಚಿ ಎಷ್ಟು ಸಲ ಓದಿದ್ದನೆಂದರೆ ಕಾಗದದ ಮಡಿಕೆಗಳೆಲ್ಲ ಹರಿದು, ಅನ್ನದಗುಳು ಹಚ್ಚಿ ಅಂಟಿಸಬೇಕಾಗಿತ್ತು.

"ನೋಡಿ ಸೇಸಮ್ಮಕ್ಕ, ಬೀಡಿ ಕೆಲಸಗಾರರ ಕಾನೂನು ಬಂದು ಹನ್ನೆರಡು ವರ್ಷ ಆಯ್ತು," ಎಂದು ಅವನು ನಿಧಾನವಾಗಿ ಬಿಡಿಸಿ ಹೇಳಿದ. "ಮಾಲಕರು ಸುಮ್ಮನೆ ಕೂತ್ರಾ? ಇಲ್ಲ. ಮನೆಯಲ್ಲಿ ಕೂತು ಕಟ್ಟುವವರು ನಮ್ಮ ಕೆಲಸಗಾರರೇ ಅಲ್ಲ ಅಂತ ಕೋರ್ಟಿಗೆ ಹೋದ್ರು. ಎಪ್ಪತ್ತನಾಲ್ಕರಲ್ಲಿ ಸುಪ್ರೀಂ ಕೋರ್ಟು ಹೇಳಿತು, ಮನೆಯಲ್ಲಿ ಕೂತ್ರೂ ಕೆಲಸ ಕೆಲಸವೇ, ಕಾನೂನು ಅವರಿಗೂ ಉಂಟು ಅಂತ. ಹಾಗಾಗಿ ಹೆರಿಗೆ ರಜೆಯೂ ಉಂಟು. ಹೆರಿಗೆಗೆ ಮೊದಲು ಆರು ವಾರ, ಆಮೇಲೆ ಆರು ವಾರ."

"ರಜೆಯಾ?" ಎಂದಳು ಸೇಸಮ್ಮ. "ಕಲೆಕ್ಟರರ ಹಾಗೆ?"

"ಕಲೆಕ್ಟರರ ಹಾಗೆಯೇ. ಸಂಬಳ ಸಮೇತ."

ಸೇಸಮ್ಮ ನಂಬಲಿಲ್ಲ. ಸುಂದರಿ ನಂಬಿದಳು. ಲೋಕನಾಥನ ಕೈಯಲ್ಲಿ ಅರ್ಜಿ ಬರೆಸಿ, ಮರುದಿನ ಬೀಡಿಯ ಜೊತೆ ಅದನ್ನೂ ಹಿಡಿದುಕೊಂಡು ಬ್ರಾಂಚಿಗೆ ಹೋದಳು.

ಗುತ್ತಿಗೆದಾರ ಕೇಶವಪ್ರಸಾದ ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಯಾರನ್ನೂ ಬೈಯುವವನಲ್ಲ, ಹಬ್ಬಕ್ಕೆ ಬೆಲ್ಲ ಹಂಚುವವನು. ಆದರೆ ಜೀವಮಾನದಲ್ಲಿ ಒಂದು ಸಲವೂ ಒಂದೇ ಮಾತಿಗೆ ಹೂಂ ಅಂದವನೂ ಅಲ್ಲ. ಅವನು ಅರ್ಜಿ ಓದಿದ, ಕನ್ನಡಕ ತೆಗೆದ, ಒರೆಸಿದ, ಪುಸ್ತಕ ತಿರುವಿದ.

"ಸುಂದರಿ, ನಾನು ಕಾನೂನು ಮೀರುವ ಜನ ಅಲ್ಲ. ಸುಪ್ರೀಂ ಕೋರ್ಟು ದೊಡ್ಡದು, ಒಪ್ಪಿದೆ. ಕೆಲಸಗಾರರಿಗೆ ರಜೆ ಕೊಡಬೇಕು, ಅದೂ ಒಪ್ಪಿದೆ. ಆದರೆ ನಮ್ಮ ಪುಸ್ತಕದಲ್ಲಿ ನಿಮ್ಮ ಮನೆಯ ಕೆಲಸಗಾರ ಅಂತ ಇರುವುದು ಪದ್ಮಯ್ಯ. ಅವನು ಹೆರುವುದಾದರೆ ಹೇಳು, ಈಗಲೇ ರಜೆ ಬರೆದು ಕೊಡ್ತೇನೆ."

ಬ್ರಾಂಚಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಂದರಿಗೂ ನಗು ಬಂತು, ಅದನ್ನು ಯಾಕೆ ಮುಚ್ಚಿಡಲಿ? ಆದರೆ ಮನೆಯ ದಾರಿಯಲ್ಲಿ ಆ ನಗು ಸಿಟ್ಟಾಯಿತು. ಏಳು ವರ್ಷ ದಿನಕ್ಕೆ ಸಾವಿರ ಬೀಡಿ ಕಟ್ಟಿದವಳು ತಾನು. ಅಷ್ಟನ್ನೂ ಮೀಸೆಯವನೊಬ್ಬ ಕಟ್ಟಿದ ಎಂದು ಬರೆದಿಟ್ಟವರು ಈಗ ತನ್ನ ಹೊಟ್ಟೆ ನೋಡಿ ನಗುತ್ತಾರಲ್ಲ ಎಂದು ಅವಳ ಮೈಯೆಲ್ಲ ಉರಿಯಿತು.

ಸಂಜೆಯೊಳಗೆ ಸುದ್ದಿ ಇಡೀ ಪೇಟೆಗೆ ಹಬ್ಬಿತು. ಮಿಲ್ಲಿನಲ್ಲಿ ಪದ್ಮಯ್ಯನಿಗೆ ಯಾರೋ ಹುಣಸೆಹಣ್ಣು ತಂದುಕೊಟ್ಟರು. ಇನ್ನೊಬ್ಬ, ದಿಮ್ಮಿ ಮುಟ್ಟಬೇಡ ಮಾರಾಯ, ಈ ಹೊತ್ತಿನಲ್ಲಿ ಭಾರ ಎತ್ತಬಾರದು ಎಂದ. ಪದ್ಮಯ್ಯ ಹುಣಸೆಹಣ್ಣನ್ನು ಬಿಸಾಡದೆ ಮನೆಗೆ ತಂದು ಹೆಂಡತಿಯ ಕೈಗಿಟ್ಟ. ಅವಳು ಅಷ್ಟನ್ನೂ ತಿಂದು ಮುಗಿಸಿದಳು.

ಲೋಕನಾಥ ಸುಮ್ಮನಿರಲಿಲ್ಲ. ಕಾರ್ಮಿಕ ಇಲಾಖೆಯ ಅಧಿಕಾರಿಯೊಬ್ಬರು ತಿಂಗಳಿಗೊಮ್ಮೆ ಬಂಟ್ವಾಳಕ್ಕೆ ಬಂದು, ಪ್ರವಾಸಿ ಬಂಗಲೆಯಲ್ಲಿ ಇಂಥ ತಕರಾರುಗಳ ವಿಚಾರಣೆ ಮಾಡುತ್ತಿದ್ದರು. ಅವರಿಗೆ ಅರ್ಜಿ ಹೋಯಿತು. ಫೆಬ್ರವರಿ ಎಂಟನೇ ತಾರೀಕು ಗುರುವಾರ ಬೆಳಗ್ಗೆ ಹತ್ತೂವರೆಗೆ ಹಾಜರಾಗಬೇಕೆಂದು ನೋಟೀಸು ಬಂತು. ಕೇಶವಪ್ರಸಾದ ಮೂಡಬಿದ್ರೆಯಿಂದ ಒಬ್ಬ ವಕೀಲರನ್ನು ಗೊತ್ತುಮಾಡಿದ.

ಈಗ ಒಂದು ಗುಟ್ಟು ಹೇಳಬೇಕು. ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಮಳೆಗೆ, ಸುಂದರಿಗೆ ಹೊಗೆಸೊಪ್ಪಿನ ವಾಸನೆ ಬಡಿದರೆ ಸಾಕು, ವಾಂತಿ ಬರುತ್ತಿತ್ತು. ಕಟ್ಟುವುದನ್ನು ನಿಲ್ಲಿಸಿದರೆ ಬ್ರಾಂಚಿನವರು ಎಲೆ ಕೊಡುವುದನ್ನೇ ನಿಲ್ಲಿಸುತ್ತಾರೆ. ಆಗ ಪದ್ಮಯ್ಯ ಒಂದು ಭಾನುವಾರ ಏನೂ ಹೇಳದೆ ತಡ್ಪೆ ಎಳೆದುಕೊಂಡು ಕೂತ. ಬೀಡಿ ಕಟ್ಟುವುದು ಕೂತು ತಿನ್ನುವವರ ಕೆಲಸ ಎಂದು ಮಿಲ್ಲಿನಲ್ಲಿ ಅವನು ಆಡದ ಮಾತಿಲ್ಲ, ಹಾಗಾಗಿ ಬಾಗಿಲಿಗೆ ಚಿಲಕ ಹಾಕಿಕೊಂಡೇ ಕೂತ. ಮೊದಲ ದಿನ ಕಟ್ಟಿದ್ದು ಬೀಡಿಯೋ ಪಟಾಕಿಯೋ ಗೊತ್ತಾಗುವ ಹಾಗಿರಲಿಲ್ಲ. ತಿಂಗಳು ಕಳೆಯುವಾಗ ಬೀಡಿ ಎನ್ನಬಹುದಾದದ್ದು ಬಂತು. ಅಲ್ಲಿಂದ ಮಿಲ್ಲಿಗೆ ಹೋಗುವ ಮೊದಲು ದಿನಾ ಇನ್ನೂರು ಕಟ್ಟಿಕೊಡುತ್ತಿದ್ದ. ಇದು ಸುಂದರಿಗೂ ಸೇಸಮ್ಮನಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ ಎಂದು ಅವರು ಮೂವರೂ ತಿಳಿದುಕೊಂಡಿದ್ದರು.

"ಅಲ್ಲಿ ಕೇಳಿದ್ರೆ ನನಗೆ ಬೀಡಿ ಕಟ್ಟಲಿಕ್ಕೆ ಬರುವುದಿಲ್ಲ ಅಂತ ಹೇಳಿ," ಎಂದು ಸುಂದರಿ ಗಂಡನಿಗೆ ಪಾಠ ಮಾಡಿದಳು. "ಅಷ್ಟೇ ಸಾಕು. ಬೇರೆ ಎಂತ ಮಾತೂ ಬೇಡ."

"ಹೇಳ್ತೇನೆ," ಎಂದ ಪದ್ಮಯ್ಯ. ಅವನ ಮುಖ ನೋಡಿಯೇ ಸುಂದರಿಗೆ ಧೈರ್ಯ ಅರ್ಧ ಹೋಯಿತು.

ಗುರುವಾರ ಮೂವರೂ ಬೆಳಗ್ಗಿನ ಬಸ್ಸು ಹಿಡಿದು ಬಂಟ್ವಾಳಕ್ಕೆ ಬಂದರು. ಎಂಟು ತಿಂಗಳ ಸೊಸೆಯನ್ನು ಬಸ್ಸಿನಲ್ಲಿ ಕಳಿಸಿ ತಾನು ಮನೆಯಲ್ಲಿ ಕೂರುವುದು ಸೇಸಮ್ಮನಿಂದಾಗುವ ಮಾತಲ್ಲ. ಸುಂದರಿ ಚೀಲದಲ್ಲಿ ತಡ್ಪೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ, ಹುಡಿ ಎಲ್ಲ ತಂದಿದ್ದಳು. ಕೇಸು ಇದೆಯೆಂದು ಬ್ರಾಂಚಿನವರು ಲೆಕ್ಕದಲ್ಲಿ ರಿಯಾಯಿತಿ ಕೊಡುತ್ತಾರೆಯೇ? ಬಂಗಲೆಯ ಜಗಲಿಯಲ್ಲಿ ಕಾಯುತ್ತಲೇ ಅವಳು ನೂರಿಪ್ಪತ್ತು ಬೀಡಿ ಕಟ್ಟಿದಳು.

ಅಧಿಕಾರಿ ಸಣ್ಣ ಆಳು, ಬಯಲುಸೀಮೆ ಕಡೆಯವರು, ನಮ್ಮ ಸೆಕೆಗೆ ಬಸವಳಿದು ಕರವಸ್ತ್ರದಲ್ಲಿ ಕುತ್ತಿಗೆ ಒರೆಸುತ್ತ ಕೂತಿದ್ದರು. ಲೋಕನಾಥ ತನ್ನ ಅಂಟಿಸಿದ ತೀರ್ಪನ್ನು ಮೇಜಿನ ಮೇಲಿಟ್ಟು ಮಾತಾಡಿದ. ಮೂಡಬಿದ್ರೆಯ ವಕೀಲರು ಎದ್ದು, ಆ ತೀರ್ಪಿಗೆ ನಾವು ತಲೆಬಾಗುತ್ತೇವೆ ಎಂದು ನಿಜವಾಗಿಯೂ ತಲೆ ಬಾಗಿಸಿದರು. ಮನೆಯಲ್ಲಿ ಕಟ್ಟುವವರು ಕೆಲಸಗಾರರು ಹೌದೋ ಅಲ್ಲವೋ ಎಂಬ ಜಗಳ ದೆಹಲಿಯಲ್ಲೇ ಮುಗಿದಿದೆ. ಮನೆಯಲ್ಲಿ ಕಟ್ಟುವವರು ಯಾರು ಎಂಬುದಷ್ಟೇ ಇಲ್ಲಿರುವ ಪ್ರಶ್ನೆ ಎಂದರು. ಸುಂದರಿಗೆ ಆಗಲೇ ಅರ್ಥವಾಯಿತು. ಕೋರ್ಟು ಒಂದು ಬಾಗಿಲು ಮುಚ್ಚಿದರೆ ಇವರು ಕಿಟಕಿ ಹುಡುಕುವ ಜನ.

ವಕೀಲರು ಪದ್ಮಯ್ಯನನ್ನು ಕರೆದು ನಿಲ್ಲಿಸಿದರು. ಗುಮಾಸ್ತ ಸತ್ಯವನ್ನೇ ಹೇಳುತ್ತೇನೆ ಎಂದು ಹೇಳಿಸಿದ, ಪದ್ಮಯ್ಯ ಹೇಳಿದ. ಅಷ್ಟಕ್ಕೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ವಕೀಲರೂ ಈ ಮಣ್ಣಿನವರೇ.

"ಪದ್ಮಯ್ಯ, ಸರಕಾರಿ ಪ್ರಮಾಣ ಸಾಕಾಗುವುದಿಲ್ಲ," ಎಂದು ಅವರು ಮೆತ್ತಗೆ ಹೇಳಿದರು. "ಧರ್ಮಸ್ಥಳದ ಕಡೆ ಮುಖ ಮಾಡಿ ಹೇಳು ನೋಡುವ. ನಿನಗೆ ಬೀಡಿ ಕಟ್ಟಲಿಕ್ಕೆ ಬರ್ತದಾ, ಇಲ್ಲವಾ?"

ಮಂಜುನಾಥನ ಹೆಸರಿನಲ್ಲಿ ಸುಳ್ಳು ಹೇಳುವ ಮನುಷ್ಯ ಬೆಳ್ತಂಗಡಿ ತಾಲೂಕಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಪದ್ಮಯ್ಯ ಧರ್ಮಸ್ಥಳ ಇರುವ ಪೂರ್ವ ಯಾವ ಕಡೆ ಎಂದು ಹುಡುಕಿ, ಗೋಡೆಯ ಕಡೆ ತಿರುಗಿ ನಿಂತ. ಹೆಂಡತಿಯ ಕಡೆ ನೋಡಲಿಲ್ಲ.

"ಬರ್ತದೆ," ಎಂದ. "ಆಟಿಯಿಂದ ಕಟ್ತಾ ಇದ್ದೇನೆ. ದಿನಾ ಇನ್ನೂರು."

ಸುಂದರಿ ಗಂಡನ ಬೆನ್ನನ್ನೇ ನೋಡಿದಳು. ಹನ್ನೆರಡು ವಾರವೂ ಅಲ್ಲೇ ಕರಗಿಹೋಯಿತು ಎಂದುಕೊಂಡಳು. ತನ್ನ ಮೇಲಿನ ಪ್ರೀತಿಗೆ ಕಲಿತ ಕೆಲಸ ತನ್ನ ಮೇಲೇ ಸಾಕ್ಷಿ ಹೇಳುವುದು ಎಂದರೆ! ಗಂಡನನ್ನು ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯದೆ ಸೆರಗಿನ ತುದಿ ಹಿಂಡಿದಳು.

ಹಿಂದಿನ ಬೆಂಚಿನಲ್ಲಿ ಅಬ್ದುಲ್ ಶುಕೂರ್ ತಲೆ ತಗ್ಗಿಸಿ ಕೂತಿದ್ದ. ಊರವರ ಬಾಯಲ್ಲಿ ಶುಕೂರಾಕ, ಬ್ರಾಂಚಿನ ಚೆಕ್ಕರ್. ತಂದ ಬೀಡಿಗಳನ್ನು ಬೆರಳಲ್ಲೇ ಉರುಳಿಸಿ, ಒಳ್ಳೆಯದನ್ನು ಇಟ್ಟುಕೊಂಡು ಕಳಪೆಯನ್ನು ಬದಿಗೆ ಹಾಕುವುದು ಹದಿನೆಂಟು ವರ್ಷದಿಂದ ಅವನ ಕೆಲಸ. ಪದ್ಮಯ್ಯನ ಮನೆಯಿಂದ ಈಗ ಎರಡು ಕೈ ಬರುತ್ತಿದೆ ಎಂದು ಅವನೇ ಒಂದು ದಿನ ಸುಮ್ಮನೆ ಮಾತಿಗೆ ಧಣಿಯ ಹತ್ತಿರ ಹೇಳಿದ್ದ. ಆ ಮಾತು ಮೂಡಬಿದ್ರೆಯವರೆಗೆ ಹೋಗಿ ಹೀಗೆ ತಿರುಗಿ ಬರುತ್ತದೆಂದು ಅವನಿಗೇನು ಗೊತ್ತು?

ಅಧಿಕಾರಿ ಕುತ್ತಿಗೆ ಒರೆಸುವುದನ್ನು ನಿಲ್ಲಿಸಿದರು. "ಸರಿ. ಗಂಡ ಕಟ್ತಾನೆ. ಹೆಂಡತಿಯೂ ಕಟ್ತೇನೆ ಅಂತಾಳೆ. ಇಬ್ಬರೂ ಇಲ್ಲೇ ಕಟ್ಟಲಿ, ನೋಡೋಣ."

ಬಂಗಲೆಯ ನೆಲದಲ್ಲಿ ಚಾಪೆ ಬಿತ್ತು. ಲೋಕನಾಥ ಕೇಳಿಕೊಂಡದ್ದಕ್ಕೆ ಶುಕೂರನನ್ನು ಹೊರಗೆ ಕಳಿಸಿದರು. ತಡ್ಪೆಯನ್ನು ನಡುವೆ ಇಟ್ಟು ಗಂಡ ಹೆಂಡತಿ ಎದುರುಬದುರು ಕೂತರು. ಸೊಸೆಗೆ ಗಾಳಿ ಬೀಸುವ ನೆಪದಲ್ಲಿ ಸೇಸಮ್ಮನೂ ಪಕ್ಕದಲ್ಲಿ ತಳವೂರಿದಳು. ಪದ್ಮಯ್ಯ ನಾಲಿಗೆ ಕಚ್ಚಿಕೊಂಡು, ಬೆವರು ಸುರಿಸಿಕೊಂಡು, ಬಾಳೆಕಾಯಿ ಬೆರಳುಗಳಲ್ಲಿ ಒಂದೊಂದೇ ಎಲೆ ಉರುಳಿಸಿದ. ಸುಂದರಿ ಕೈ ನೋಡಲೇ ಇಲ್ಲ, ಅಧಿಕಾರಿಯನ್ನೇ ದುರುಗುಟ್ಟಿ ನೋಡುತ್ತಾ ಕಟ್ಟಿದಳು. ಅವನು ಐದು ಮುಗಿಸುವಾಗ ಅವಳು ಹದಿನೆಂಟು ಮುಗಿಸಿದ್ದಳು.

"ವೇಗದಿಂದ ಏನೂ ಸಾಬೀತಾಗುವುದಿಲ್ಲ ಸಾರ್," ಎಂದು ವಕೀಲರು ಎದ್ದರು. "ಬೀಡಿ ಕಟ್ಟಲಿಕ್ಕೆ ನಮ್ಮ ಊರಿನ ಎಲ್ಲ ಹೆಂಗಸರಿಗೂ ಬರ್ತದೆ. ಏಳು ವರ್ಷ ಬ್ರಾಂಚಿಗೆ ಬಂದದ್ದು ಯಾರು ಕಟ್ಟಿದ್ದು ಅಂತ ಹೇಗೆ ಹೇಳುವುದು?"

"ಹೇಳುವವರು ಉಂಟಲ್ಲ," ಎಂದ ಲೋಕನಾಥ. "ಹೊರಗೆ ನಿಂತಿದ್ದಾರೆ."

ಅಧಿಕಾರಿಗೆ ಈಗ ಸೆಕೆ ಮರೆತೇಹೋಗಿತ್ತು. ಗುಮಾಸ್ತನಿಂದ ಬೀಡಿಗಳನ್ನೆಲ್ಲ ಒಂದು ಕಾಗದದ ಮೇಲೆ ಕಲಸಿಸಿ, ಶುಕೂರನನ್ನು ಕರೆಸಿದರು. ವಿಂಗಡಿಸಲು ಹೇಳಿದರು. ಕೇಶವಪ್ರಸಾದ ಗಂಟಲು ಸರಿಮಾಡಿಕೊಂಡ. ಸಂಬಳ ಕೊಡುವ ಧಣಿ ಹಾಗೆ ಕೆಮ್ಮಿದರೆ ಏನರ್ಥ ಎಂದು ಶುಕೂರನಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಹದಿನೆಂಟು ವರ್ಷದ ಕಣ್ಣಿನ ಎದುರು ಬೀಡಿ ಹರಡಿಟ್ಟು, ಇದು ಯಾರ ಕೈ ಎಂದು ಕೇಳಿದ ಮೇಲೆ, ಗೊತ್ತಿಲ್ಲ ಎನ್ನುವುದಕ್ಕೆ ಅವನ ನಾಲಿಗೆ ಹೊರಳುವುದು ಸಾಧ್ಯವಿತ್ತೇ? ಅವನು ಕೂತ, ಬೀಡಿಗಳನ್ನು ಬೆರಳಲ್ಲಿ ಉರುಳಿಸಿದ, ಎಡಕ್ಕೆ ಬಲಕ್ಕೆ ಸರಸರನೆ ಹಾಕಿದ.

"ಇದು ಹೊಸ ಕೈ. ಕುತ್ತಿಗೆ ಹಿಸುಕಿ ಕಟ್ಟಿದ್ದು, ಎಳೆದರೆ ಹೊಗೆ ಬರ್ಲಿಕ್ಕಿಲ್ಲ. ಆಟಿಯಿಂದ ಬರ್ತಾ ಉಂಟು, ಆಟಿಯಿಂದ ಬದಿಗೆ ಹಾಕ್ತಾ ಇದ್ದೇನೆ," ಎಂದ. ಸುಂದರಿ ಇದನ್ನು ಗಂಡನಿಗೆ ಹೇಳಿರಲೇ ಇಲ್ಲ, ಪದ್ಮಯ್ಯನ ಮುಖ ಸಣ್ಣದಾಯಿತು. "ಇದು ಹಳೇ ಕೈ. ನೂಲು ಯಾವಾಗಲೂ ಎಡಕ್ಕೆ ಸುತ್ತುವುದು. ಏಳು ವರ್ಷದಿಂದ ಪದ್ಮಯ್ಯನ ಪುಸ್ತಕದಲ್ಲಿ ಬರುವುದು ಈ ಕೈ. ನೂರಕ್ಕೆ ಎರಡು ಸಹ ತೆಗೆಯಲಿಕ್ಕಿಲ್ಲ."

ಗುಮಾಸ್ತ ಎಣಿಸಿದ. ಐದು, ಹದಿನೆಂಟು. ಒಂದೂ ತಪ್ಪಿರಲಿಲ್ಲ. ಆದರೆ ಶುಕೂರನ ಅಂಗೈಯಲ್ಲಿ ಇನ್ನೂ ಒಂದು ಬೀಡಿ ಉಳಿದಿತ್ತು. ಅವನು ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ.

"ಇದು ಇವರಿಬ್ಬರದೂ ಅಲ್ಲ," ಎಂದ. "ಎಲೆಯ ನರ ಒಳಗೆ ಹೋಗುವ ಹಾಗೆ ಸುತ್ತುವವರು ಈಗ ಯಾರೂ ಇಲ್ಲ ಸಾರ್. ಏಳು ವರ್ಷ ಆಯ್ತು ಈ ಕೈ ನೋಡದೆ. ಇದು ಸೇಸಮ್ಮಕ್ಕನದು."

ಎಲ್ಲರೂ ಸೇಸಮ್ಮನ ಕಡೆ ತಿರುಗಿದರು. ಸೇಸಮ್ಮ ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಕೈಗಳನ್ನು ಸೆರಗಿನಡಿ ಬಚ್ಚಿಟ್ಟುಕೊಂಡಳು. ಗಾಳಿ ಬೀಸುತ್ತಾ ಕೂತವಳಿಗೆ ಎದುರಿಗೆ ಎಲೆ ಕಂಡು ಕೈ ತಡೆಯಲಿಲ್ಲ, ಒಂದನ್ನು ಕಟ್ಟಿ ಸೇರಿಸಿಬಿಟ್ಟಿದ್ದಳು. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಕಾಣುತ್ತಿತ್ತಲ್ಲ. ಇಪ್ಪತ್ತಾರು ವರ್ಷ ಯಾವ ಪುಸ್ತಕದಲ್ಲೂ ಹೆಸರಿಲ್ಲದ ತನ್ನ ಕೈಯನ್ನು ಈ ಮನುಷ್ಯ ಗುರುತು ಹಿಡಿದನಲ್ಲ ಎಂದು ಅವಳ ಕಣ್ಣು ತುಂಬಿತು. ಸುಂದರಿ ಅತ್ತೆಯ ಕೈ ಹಿಡಿದುಕೊಂಡಳು.

ಅಧಿಕಾರಿ ಆ ಬೀಡಿಯನ್ನು ತಾವೇ ತೆಗೆದುಕೊಂಡು ನೋಡಿದರು, ಏನೂ ಅರ್ಥವಾದಂತೆ ಕಾಣಲಿಲ್ಲ. ಆಮೇಲೆ ಗುಮಾಸ್ತನಿಗೆ ಬರೆಸಿದರು. ಮನೆಯಲ್ಲಿ ಕೂತು ಕಟ್ಟುವವರೂ ಕೆಲಸಗಾರರು ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿಯಾಗಿದೆ. ಪುಸ್ತಕದ ಮೇಲಿನ ಹೆಸರು ಬರೆದವನು ಮಾಲಕ, ಬೀಡಿ ಕಟ್ಟಿದ್ದು ಕೈ. ಮಾಲಕ ತಾನೇ ಬರೆದದ್ದನ್ನು ತೋರಿಸಿ ಕೈಯನ್ನು ಇಲ್ಲವೆನ್ನಲು ಬರುವುದಿಲ್ಲ. ಆದ್ದರಿಂದ ಸುಂದರಿಗೆ ಹನ್ನೆರಡು ವಾರದ ರಜೆ, ಅವಳ ಹೆಸರಿನಲ್ಲಿ ಬೇರೆ ಪುಸ್ತಕ. ಪದ್ಮಯ್ಯನೂ ಕಟ್ಟುತ್ತಾನೆಂದು ಪ್ರಮಾಣ ಮಾಡಿ ಹೇಳಿರುವುದರಿಂದ ಅವನ ಪುಸ್ತಕವೂ ಇರಲಿ ಎಂದು ಕೊನೆಗೆ ಸೇರಿಸಿದರು.

ಕೇಶವಪ್ರಸಾದ ಬೆಂಗಳೂರಿಗೆ, ಹೈಕೋರ್ಟಿಗೆ ಹೋಗುತ್ತೇನೆ ಎಂದು ಮೆಟ್ಟಿಲಿಳಿಯುತ್ತಲೇ ಹಾರಾಡಿದ. ವಕೀಲರು ಅವನ ಹೆಗಲ ಮೇಲೆ ಕೈ ಹಾಕಿದರು.

"ದೆಹಲಿಯವರು ಹೇಳಿಯಾದದ್ದನ್ನು ಬೆಂಗಳೂರಿಗೆ ಹೋಗಿ ಮತ್ತೊಮ್ಮೆ ಕೇಳುವುದು ಬೇಡ ಧಣಿಗಳೇ. ಬಸ್ಸಿನ ಟಿಕೆಟು ದಂಡ. ಬನ್ನಿ, ಚಾ ಕುಡಿಯುವ."

ಸೋಮವಾರ ಬ್ರಾಂಚಿನ ಎದುರು ರಸ್ತೆಯವರೆಗೆ ಸಾಲು. ಎಲ್ಲರಿಗಿಂತ ಮುಂದೆ ಸುಂದರಿಯ ನೆರೆಮನೆಯ ಆಸ್ಯಮ್ಮ. ಬೊಂಬಾಯಿಯಲ್ಲಿ ಹೋಟೆಲು ಕೆಲಸದಲ್ಲಿದ್ದ ಮೈದುನನ ಹೆಸರಿನಲ್ಲಿ ಅವಳು ಒಂಬತ್ತು ವರ್ಷದಿಂದ ಬೀಡಿ ಕಟ್ಟುತ್ತಿದ್ದಳು. "ಅವನು ಅಲ್ಲಿಂದಲೇ ದಿನಾ ಬಂದು ಕಟ್ಟಿ ಹೋಗ್ತಾನೆ ಅಂತ ಬರೆದಿದ್ದೀರಿ ಧಣಿ, ಬಡಪಾಯಿಗೆ ಈಗಲಾದರೂ ವಿಶ್ರಾಂತಿ ಕೊಡುವ," ಎಂದಳು. ಸಾಲಿನಲ್ಲಿದ್ದ ಇನ್ನೊಬ್ಬಳ ಪುಸ್ತಕದಲ್ಲಿದ್ದವನು ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಆದರೂ ಒಂದು ದಿನ ರಜೆ ಮಾಡಿರಲಿಲ್ಲ. ಕೇಶವಪ್ರಸಾದ ಮೊದಲು ಗೊಣಗಿದ, ಆಮೇಲೆ ಬೆವರಿದ, ಕೊನೆಗೆ ಅವನಿಗೇ ನಗು ತಡೆಯಲಾಗದೆ ಹೊಸ ಪುಸ್ತಕಗಳ ಕಟ್ಟು ತರಿಸಿದ.

ಪದ್ಮಯ್ಯ ಮಿಲ್ಲಿಗೆ ಹೋಗುವ ಮೊದಲು ಈಗಲೂ ಇನ್ನೂರು ಕಟ್ಟುತ್ತಿದ್ದ. ಬಾಗಿಲಿಗೆ ಚಿಲಕವಿಲ್ಲ, ಜಗಲಿಯಲ್ಲೇ. ಹೊಸ ಕೈ ಎಂದು ಶುಕೂರಾಕ ಎಲ್ಲರೆದುರು ಹೇಳಿದ ಮಾತು ಅವನಿಗೆ ನಾಟಿತ್ತು, ಹೇಗಾದರೂ ತನ್ನ ಬೀಡಿಗೆ ಒಪ್ಪಿಗೆ ಸಿಗಲೇಬೇಕೆಂದು ಹಟ ಹಿಡಿದಿದ್ದ. ಅತ್ತ ಸುಂದರಿಗೆ ರಜೆಯ ಮೊದಲ ದಿನ ಕೈಯನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ಕಾಲು ನೀಡಿ ಕೂತಳು. ಮಗಳು ಓಡಿಬಂದು ಅವಳ ಖಾಲಿ ಮಡಿಲು ಕಂಡು, ಯಾರಾದರೂ ಬರುವ ಮೊದಲು ಜಾಗ ಹಿಡಿಯುವವಳಂತೆ ಅದರಲ್ಲಿ ತಲೆಯಿಟ್ಟು ಮಲಗಿದಳು. ಹೊಟ್ಟೆಯೊಳಗಿನದು ಒಳಗಿನಿಂದ ಒಂದು ಒದೆ ಕೊಟ್ಟಿತು. ಅಷ್ಟು ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ.

ಬೇಲಿಯಾಚೆಯಿಂದ ಆಸ್ಯಮ್ಮ ಕರೆದಳು. "ಸುಂದರೀ, ಬ್ರಾಂಚಿಗೆ ಹೊಸ ಎಲೆ ಬಂದಿದೆಯಂತೆ. ಬರುವುದಿಲ್ವಾ?"

"ಇಲ್ಲ ಆಸ್ಯಮ್ಮ, ನನಗೆ ರಜೆ."

ಒಳಗೆ ಒಲೆಯ ಮುಂದೆ ಸೇಸಮ್ಮ ಕೂತಿದ್ದಳು. ನಾಲ್ಕು ಹೆತ್ತವಳು. ಪದ್ಮಯ್ಯನನ್ನು ಹೆತ್ತ ದಿನ ನೋವು ಬರುವವರೆಗೂ ಬೀಡಿ ಕಟ್ಟಿ, ಲೆಕ್ಕಕ್ಕೆ ನಲವತ್ತು ಕಡಿಮೆಯಾಯಿತೆಂದು ಬ್ರಾಂಚಿನವರ ಬಾಯಿಂದ ಬೈಗುಳ ತಿಂದವಳು. ಅವಳು ಊದುಗೊಳವೆ ಕೆಳಗಿಟ್ಟು ಹೊಸ್ತಿಲವರೆಗೆ ಬಂದಳು.

"ಈಗ ಎಂತ ಹೇಳಿದೆ?"

"ನನಗೆ ರಜೆ ಅಂತ ಹೇಳಿದೆ ಅತ್ತೆ."

ಸೇಸಮ್ಮ ಸೊಸೆಯ ಪಕ್ಕದಲ್ಲಿ, ಅವಳ ಹಾಗೆಯೇ ಕಾಲು ನೀಡಿಕೊಂಡು ಕೂತಳು.

"ಇನ್ನೊಮ್ಮೆ ಹೇಳು," ಎಂದಳು. "ಕೇಳುವ."